ಮೆಣಸಿನಕಾಯಿ, ಟೊಮೆಟೊ ಬೀಜಕ್ಕೆ ಪೋಷಕಾಂಶ, ಟ್ರೈಕೋಡರ್ಮಾ (ರೋಗ ತಡೆಯಲು ನೆರವಾಗುವ ಉಪಕಾರಿ ಶಿಲೀಂಧ್ರ) ಎರಡನ್ನೂ ಕೊಡಬಹುದೇ? ಯಾವುದು ಮೊದಲು?

ಎರಡನ್ನೂ ಕೊಡಬಹುದು. ಪೋಷಕಾಂಶ ಮೊದಲು, ಸೂಕ್ಷ್ಮಜೀವಿ ಕೊನೆಗೆ.

ಒಂದು ಲೀಟರ್ ನೀರಿಗೆ 5 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ, ಬೀಜವನ್ನು ಸುಮಾರು 12 ಗಂಟೆ ನೆನೆಸಿ. ಆಮೇಲೆ ಒಳ್ಳೆಯ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೆಚ್ಚು ಹಾಕಿದರೆ ಒಳ್ಳೆಯದೆಂದು ಪ್ರಮಾಣ ಏರಿಸಬೇಡಿ, ಲವಣ ಜಾಸ್ತಿಯಾದರೆ ಮೊಳಕೆಯೇ ಕುಂಠಿತವಾಗುತ್ತದೆ. ಬೀನ್ಸ್, ಅಲಸಂದೆಯನ್ನಂತೂ ನೆನೆಸಲೇಬೇಡಿ. ಸಿಪ್ಪೆ ಬಿರಿದು ಬೇಳೆ ಬೇರ್ಪಡುತ್ತದೆ.

ಬಿತ್ತುವ ದಿನ, ಕುದಿಸಿ ಪೂರ್ತಿ ಆರಿಸಿದ ಬೆಲ್ಲದ ನೀರನ್ನು (ಲೀಟರಿಗೆ 100 ಗ್ರಾಂ) ಬೀಜ ಬರೀ ಪಸೆಯಾಗುವಷ್ಟು ಚಿಮುಕಿಸಿ, ಕೆಜಿ ಬೀಜಕ್ಕೆ 10 ಗ್ರಾಂ ಟ್ರೈಕೋಡರ್ಮಾ ಪುಡಿ ಹಾಕಿ ಹೊರಳಾಡಿಸಿ. 10 ಗ್ರಾಂ ಬೀಜದ ಪೊಟ್ಟಣಕ್ಕೆ ಒಂದು ಚಿಟಿಕೆ ಸಾಕು. ಪ್ರತಿ ಬೀಜಕ್ಕೂ ಪುಡಿಯ ತೆಳು ಪದರ ಹಿಡಿದು, ಬೀಜಗಳು ಬಿಡಿಬಿಡಿಯಾಗಿರಬೇಕು. ಬೆರಳಿಗೆ ಮುದ್ದೆಯಾಗಿ ಅಂಟಿದರೆ ನೀರು ಹೆಚ್ಚಾಗಿದೆ ಎಂದರ್ಥ. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಿ. ಬಿಸಿಲಿಗೆ ಇಟ್ಟರೆ ಜೀವಾಣು ಸಾಯುತ್ತವೆ.

ಹೆಚ್ಚಿನವರು ಎಡವುವುದು ಇಲ್ಲಿ: ಗುಲಾಬಿ, ಕೆಂಪು, ನೀಲಿ ಬಣ್ಣದ ಬೀಜಕ್ಕೆ ಸಾಮಾನ್ಯವಾಗಿ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಅಲ್ಲಿ ಬದುಕುವುದು ಕಷ್ಟ. ಅಂಥ ಬೀಜವನ್ನು ನೆನೆಸಲೂ ಬೇಡಿ. ಬದಲಿಗೆ ಟ್ರೈಕೋಡರ್ಮಾ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿ ಸಸಿಮಡಿಗೆ ಹಾಕಿ. ಸಸಿ ಕೊಳೆ ರೋಗ ತಡೆಯಲು ಅದು ನೆರವಾಗುತ್ತದೆ.