ಹೊಟ್ಟೆಯಲ್ಲಿದ್ದೆನಾ ಅಮ್ಮ?

ಪ್ರಶ್ನೆ: ದತ್ತು ಮಗಳಿಗೆ ಈಗ 5 ವರ್ಷ. ‘ನಾನು ನಿನ್ನ ಹೊಟ್ಟೆಯಲ್ಲಿದ್ದೆನಾ ಅಮ್ಮ?’ ಎಂದು ಕೇಳಿದಳು. ದೊಡ್ಡವಳಾದ ಮೇಲೆ ಹೇಳಿದರಾಯಿತು ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಈಗಲೇ ಹೇಳಿಬಿಡಿ ತಾಯಿ. ನನ್ನ ಮಗನೂ ಹೀಗೇ ಕೇಳಿದ್ದ, ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಬದಿಗಿಟ್ಟು, ‘ಇಲ್ಲ ಕಂದಾ, ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿದ್ದೆ. ಆಮೇಲೆ ನಾವು ಬಂದು ಕರ್ಕೊಂಡು ಬಂದ್ವಿ’ ಅಂದೆ. ಕರ್ಕೊಂಡು ಬಂದ ದಿನ ಅವನು ತೊಟ್ಟಿದ್ದ ಹಳದಿ ಸ್ವೆಟರ್ ತೋರಿಸಿದೆ. ವಾರಗಟ್ಟಲೆ ಅದೇ ಕಥೆ ಹೇಳಿಸಿಕೊಂಡ. ಒಂಬತ್ತರಲ್ಲಿ, ‘ಅವಳು ಯಾಕೆ ಬಿಟ್ಟಳು?’ ಅಂದ. ಗೊತ್ತಿಲ್ಲ ಅಂದೆ, ನಿನ್ನ ತಪ್ಪಂತೂ ಅಲ್ಲ ಅಂದೆ. ಇಬ್ಬರೂ ಅತ್ತೆವು. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡಿ. ದತ್ತು ಕಾಗದಗಳನ್ನು ಜೋಪಾನವಾಗಿಡಿ. 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು. ಅತ್ತೆಯವರನ್ನೂ ಕಥೆ ಹೇಳುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ.