ನಮ್ಮ ನಂತರ ಬಂದವರನ್ನು ಮೊದಲು ನೋಡಿದ್ದೇಕೆ?

ಪ್ರಶ್ನೆ: ಅಪ್ಪ ಅಂಗಳದಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಸವಣೂರಿನಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ಕ್ಯಾಜುವಲ್ಟಿಗೆ ಕರೆತಂದೆವು. ಚೀಟಿ ಮಾಡಿಸಿ ಮೂರು ತಾಸು ಕೂತೆವು. ನಮ್ಮ ನಂತರ ಬಂದ ನಾಲ್ಕೈದು ಜನರನ್ನು ಮೊದಲು ಒಳಗೆ ಕರೆದರು. ಅವರಲ್ಲೊಬ್ಬರು ತಾವೇ ನಡೆದು ಬಂದಿದ್ದರು. ವಶೀಲಿ ಇದ್ದವರಿಗಷ್ಟೇ ಚಿಕಿತ್ಸೆಯೇ?
– ಓದುಗರು, ಹಾವೇರಿ ಜಿಲ್ಲೆ

ತುರ್ತು ಚಿಕಿತ್ಸಾ ತಜ್ಞರ ಉತ್ತರ: ಮುರಿದ ಕೈ ಹಿಡಿದು ಮೂರು ತಾಸು ಕೂರುವುದು ಸಣ್ಣ ಸಂಕಟವಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕ್ಯಾಜುವಲ್ಟಿಯಲ್ಲಿ ಸರದಿ ನಡೆಯುವುದು ಚೀಟಿ ನಂಬರಿನ ಮೇಲಲ್ಲ, ಜೀವಕ್ಕಿರುವ ಅಪಾಯದ ಮೇಲೆ. ನಡೆದು ಬಂದವರಿಗೆ ಎದೆ ಬಿಗಿದು ಬೆವರು ಬರುತ್ತಿದ್ದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಬಾಯಿ ಸೊಟ್ಟಗಾಗಿ ಕೈ ಸೋತಿದ್ದರೆ ಮೆದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವುದು ಸುಮಾರು ನಾಲ್ಕೂವರೆ ತಾಸು ಮಾತ್ರ.

ಆದರೂ ಕಾಯಿಸುವುದು ಬೇರೆ, ಮರೆತುಬಿಡುವುದು ಬೇರೆ. ಕಾಯುವವರನ್ನು ನಡುನಡುವೆ ಮತ್ತೆ ಪರೀಕ್ಷಿಸಲೇಬೇಕು. ಕೈ ಮುರಿದಾಗ ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಉಗುರನ್ನು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಸುಮ್ನೆ ಕೂರಬೇಡಿ. 'ಎಷ್ಟೊತ್ತಾಯ್ತು' ಅನ್ನುವ ಬದಲು 'ಬೆರಳು ಬಿಳಿಚಿಕೊಂಡಿದೆ, ಸ್ಪರ್ಶ ಗೊತ್ತಾಗುತ್ತಿಲ್ಲ' ಎಂದು ನರ್ಸ್‌ಗೆ ಹೇಳಿ. ಆಗ ನಿಮ್ಮ ಸರದಿ ಮುಂದೆ ಬರುತ್ತದೆ, ಬರಲೇಬೇಕು.

ಇಷ್ಟು ಹೊತ್ತು ಯಾಕಾಗುತ್ತದೆ? ಜನ ಜಾಸ್ತಿ ಅನ್ನುವುದು ಅರ್ಧ ಉತ್ತರ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಯಿಂದಲೂ ರೋಗಿಗಳು ಹುಬ್ಬಳ್ಳಿಗೆ ಬರುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ವಾರ್ಡುಗಳಲ್ಲಿದೆ. ಅಲ್ಲಿ ಹಾಸಿಗೆ ಖಾಲಿ ಇಲ್ಲದಿದ್ದರೆ, ಅಡ್ಮಿಟ್ ಆಗಬೇಕಾದವರು ಕ್ಯಾಜುವಲ್ಟಿಯ ಸ್ಟ್ರೆಚರ್ ಮೇಲೇ ಉಳಿಯುತ್ತಾರೆ. ಹೊಸಬರನ್ನು ಮಲಗಿಸಲು ಜಾಗವೇ ಇರುವುದಿಲ್ಲ. ಬಾಗಿಲಲ್ಲಿರುವ ನರ್ಸ್ ಜೊತೆ ಜಗಳವಾಡಿದರೆ ಇದು ಸರಿಹೋಗದು. ಹಾಸಿಗೆ, ಸಿಬ್ಬಂದಿ ಹೆಚ್ಚಿಸಿ ಎಂದು ಆಡಳಿತವನ್ನೇ ಕೇಳಬೇಕು. ಹಾವೇರಿ, ಗದಗದಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಸಾದಾ ಮೂಳೆ ಮುರಿತಕ್ಕೆ ಅಲ್ಲೇ ತೋರಿಸಿದರೆ ಅಷ್ಟು ದೂರದ ದಾರಿ ತಪ್ಪುತ್ತದೆ.

ವಶೀಲಿ ನಡೆಯುವುದೇ ಇಲ್ಲ ಎಂದು ನಾನು ಹೇಳಲಾರೆ. ಫೋನ್ ಮಾಡಿಸಿದವರು ಮುಂದೆ ಹೋದರೆ ಅದು ತಪ್ಪೇ. ಅನುಮಾನವಿದ್ದರೆ ದಿನಾಂಕ, ಸಮಯ ಬರೆದು ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಇನ್ನು ಹಣದ ಮಾತು: ತುರ್ತಿನಲ್ಲಿ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎಲ್ಲ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮುಂಗಡ ಕಟ್ಟಿಲ್ಲವೆಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಅಪ್ಪನಿಗೆ ಪ್ಲಾಸ್ಟರ್ ಹಾಕಿದ್ದರೆ ಒಂದು ವಾರಕ್ಕೆ ಮತ್ತೊಂದು ಎಕ್ಸ್‌ರೇ ಮಾಡಿಸಿ. ಕೂಡಿಸಿದ ಮೂಳೆ ಕೆಲವೊಮ್ಮೆ ಒಳಗೇ ಸರಿದಿರುತ್ತದೆ. ಬೇಗ ಗೊತ್ತಾದರೆ ಸರಿಪಡಿಸುವುದು ಸುಲಭ.