ಕುಶಾಲನಗರದ ನಕ್ಷೆಯಲ್ಲಿ ಒಂದೇ ನಗರಕೇಂದ್ರ ಕಾಣುತ್ತಿರುವುದೇಕೆ?

ನಿಮ್ಮ ನಕ್ಷೆಯಲ್ಲಿ ಬಸ್ ನಿಲ್ದಾಣದ ಸುತ್ತಲಷ್ಟೇ ಕೇಂದ್ರ ಮೂಡಲು ಬಹುಶಃ ಇಷ್ಟಕ್ಕಿಂತ ಹೆಚ್ಚು ದಟ್ಟಣೆಯಿದ್ದರೆ ಮಾತ್ರ ಕೇಂದ್ರ ಎಂದು ಇಡೀ ಊರಿಗೆ ಒಂದೇ ಮಿತಿ ಇಟ್ಟಿರುವುದೇ ಕಾರಣ. ಕೇಂದ್ರಗಳನ್ನು ಗುರುತಿಸಲು 2011ರ ಜನಗಣತಿಯ ಜನಸಾಂದ್ರತೆಯೂ ಸಾಲದು. ಅದು ಜನ ವಾಸಿಸುವ ಜಾಗವನ್ನು ತೋರಿಸುತ್ತದೆ, ದುಡಿಯುವ, ಕೊಳ್ಳುವ ಜಾಗವನ್ನಲ್ಲ.

ಮೊದಲು ಊರನ್ನು 250 ಮೀಟರ್ ಚೌಕಗಳಾಗಿ ವಿಂಗಡಿಸಿ, ಅಂಗಡಿ, ಬ್ಯಾಂಕ್, ಕಚೇರಿ, ಕಾಫಿ ಕ್ಯೂರಿಂಗ್ ಘಟಕಗಳನ್ನು ಎಣಿಸಿ. ಆಮೇಲೆ ಪ್ರತಿ ಚೌಕವನ್ನು ನೆರೆಯ ಚೌಕಗಳ ಸರಾಸರಿಯೊಂದಿಗೆ ಹೋಲಿಸಿ. ಎದ್ದು ಕಾಣುವ, ಒಂದಕ್ಕೊಂದು ತಾಗಿದ ಚೌಕಗಳ ಗುಂಪೇ ಕೇಂದ್ರ. ಕಾವೇರಿ ಸೇತುವೆಯಾಚೆಯ ಕೊಪ್ಪ ಮೈಸೂರು ಜಿಲ್ಲೆಯದೆಂದು ದಯವಿಟ್ಟು ಕೈಬಿಡಬೇಡಿ. ಜಿಲ್ಲೆಯ ಗಡಿ ನೋಡಿಕೊಂಡು ವ್ಯಾಪಾರ ನಡೆಯುವುದಿಲ್ಲ.

ಎಷ್ಟು ಪಟ್ಟು ಹೆಚ್ಚಿದ್ದರೆ ಕೇಂದ್ರ ಎಂಬುದಕ್ಕೆ ಖಚಿತ ಅಂಕಿಯಿಲ್ಲ. ಒಂದೂವರೆ, ಎರಡು ಪಟ್ಟು ಎರಡನ್ನೂ ಹಾಕಿ ನೋಡಿ. ಒಂದರಲ್ಲಿ ಮಾತ್ರ ಕಾಣಿಸುವ ಕಡೆಗಳಿಗೆ ಸಂಜೆ ಹೋಗಿ ಪರೀಕ್ಷಿಸಿ.